ಲ್ಯಾಪ್‌ಟಾಪ್ ಗಟ್ಟಿಯಾಗೇ ಇದೆ, ವಿಂಡೋಸ್ 10ರ ಕಾಲ ಮುಗೀತು. ಈಗೇನು ಮಾಡೋದು?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ ಮನೆ. 2019ರಲ್ಲಿ ತಗೊಂಡ ಲ್ಯಾಪ್‌ಟಾಪ್ ಇದೆ. ಐ3-7020ಯು ಅಂತ ಪ್ರೊಸೆಸರ್, 4 ಜಿಬಿ ರ‍್ಯಾಮ್, ವಿಂಡೋಸ್ 10. ನುಡಿಯಲ್ಲಿ ಟೈಪ್ ಮಾಡುತ್ತೇನೆ, ಪಿಂಚಣಿ ಬಂತಾ ಅಂತ ನೆಟ್ ಬ್ಯಾಂಕಿಂಗ್‌ನಲ್ಲಿ ನೋಡುತ್ತೇನೆ, ರಾತ್ರಿ ಒಂದಿಷ್ಟು ಯಕ್ಷಗಾನದ ವಿಡಿಯೋ. ಅಷ್ಟೇ. ಈಗ ಪರದೆ ಮೇಲೆ ಸಪೋರ್ಟ್ ಮುಗಿದಿದೆ ಅಂತ ಬರುತ್ತಿದೆ. ಅಂಗಡಿಯವರನ್ನು ಕೇಳಿದರೆ, "ಇದಕ್ಕೆ ವಿಂಡೋಸ್ 11 ಬರಲ್ಲ ಸಾರ್, ಹೊಸದು ತಗೊಳ್ಳಿ, ಇಲ್ಲಾಂದ್ರೆ ಬ್ಯಾಂಕ್ ಅಕೌಂಟ್ ಖಾಲಿ ಆಗುತ್ತೆ" ಅಂದರು. ಬೆಂಗಳೂರಲ್ಲಿರುವ ಮಗಳು ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳಿ ಅಂತಾಳೆ. ಆನ್ ಆಗೋಕೆ ಹತ್ತು ನಿಮಿಷ ತಗೊಳ್ಳುತ್ತೆ ಅನ್ನೋದು ಬಿಟ್ಟರೆ ಲ್ಯಾಪ್‌ಟಾಪ್‌ಗೆ ಏನೂ ಆಗಿಲ್ಲ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ಮೊದಲು ಅಂಗಡಿಯವರ ಮಾತನ್ನು ಎರಡು ತುಂಡು ಮಾಡೋಣ. ವಿಂಡೋಸ್ 11 ಬರಲ್ಲ ಅಂದದ್ದು ನಿಜ. ಅಕೌಂಟ್ ಖಾಲಿ ಆಗುತ್ತೆ ಅಂದದ್ದು ವ್ಯಾಪಾರ.

ವಿಂಡೋಸ್ 10 ಬಂದದ್ದು 2015ರ ಜುಲೈನಲ್ಲಿ. ಇದೇ ಕೊನೆಯ ವಿಂಡೋಸ್ ಅಂತ ಆ ವರ್ಷ ಮೈಕ್ರೋಸಾಫ್ಟ್‌ನ ಉದ್ಯೋಗಿಯೊಬ್ಬರು ವೇದಿಕೆ ಮೇಲೆ ಹೇಳಿದ್ದರು. ಆ ಮಾತು ಆರು ವರ್ಷ ಬಾಳಿತು. 2021ರ ಅಕ್ಟೋಬರ್‌ನಲ್ಲಿ 11 ಬಂತು, 2025ರ ಅಕ್ಟೋಬರ್ 14ಕ್ಕೆ 10ರ ಸಪೋರ್ಟ್ ನಿಂತಿತು. ಆ ದಿನ ಮಂಗಳವಾರ. ಪ್ರತಿ ತಿಂಗಳ ಎರಡನೇ ಮಂಗಳವಾರ ಮೈಕ್ರೋಸಾಫ್ಟ್ ತನ್ನ ಸಾಫ್ಟ್‌ವೇರಿನ ತೂತುಗಳಿಗೆ ತೇಪೆ ಕಳಿಸುತ್ತದೆ. ಇನ್ನು ಮುಂದೆ ಆ ತೇಪೆ ತಾನಾಗಿ ನಿಮ್ಮ ಮನೆಗೆ ಬರಲ್ಲ. ನಿಂತದ್ದು ಇಷ್ಟು ಮಾತ್ರ.

ನಿಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಆಳು ಕರೆಸಿ ಹೆಂಚು ಸರಿ ಮಾಡಿಸುತ್ತೀರಲ್ಲ, ಆ ಆಳು "ಇನ್ಮೇಲೆ ನಾನು ಬರಲ್ಲ" ಅಂದ ಹಾಗೆ ಇದು. ಅವನು ಹಾಗಂದ ದಿನವೇ ಮಾಡು ಕುಸಿಯುವುದಿಲ್ಲ. ಆದರೆ ಮುಂದಿನ ಮಳೆಗೋ ಅದರ ಮುಂದಿನ ಮಳೆಗೋ ಎಲ್ಲೋ ಸೋರುತ್ತದೆ. ಕಂಪ್ಯೂಟರಿನಲ್ಲಿ ಇನ್ನೊಂದು ತೊಂದರೆಯೂ ಇದೆ. ವಿಂಡೋಸ್ 10 ಮತ್ತು 11ರ ಒಳಗಿನ ಕೋಡ್ ಬಹಳಷ್ಟು ಒಂದೇ. 11ರಲ್ಲಿ ಎಲ್ಲಿ ತೇಪೆ ಹಾಕಿದರು ಅಂತ ನೋಡಿದ ಕಳ್ಳನಿಗೆ 10ರಲ್ಲಿ ಎಲ್ಲಿ ತೂತಿದೆ ಅಂತ ಗೊತ್ತಾಗುತ್ತದೆ. ಹಾಗಾಗಿ ಸುಮ್ನೆ ಬಿಡಿ, ಏನೂ ಆಗಲ್ಲ ಅಂತ ನಾನು ಹೇಳುವುದಿಲ್ಲ. ಅವಸರ ಬೇಡ, ಅಷ್ಟೇ.

ಅವಸರ ಬೇಡ ಅನ್ನೋದಕ್ಕೆ ಕಾರಣವೂ ಇದೆ. ಇನ್ನೊಂದು ವರ್ಷ ತೇಪೆ ಕೊಡುವ ವ್ಯವಸ್ಥೆಯನ್ನು ಮೈಕ್ರೋಸಾಫ್ಟೇ ಮಾಡಿದೆ. ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್, ಚಿಕ್ಕದಾಗಿ ಇಎಸ್‌ಯು ಅಂತಾರೆ. ಮನೆ ಬಳಕೆದಾರರಿಗೆ ಇದು 2026ರ ಅಕ್ಟೋಬರ್ 13ರವರೆಗೆ ಅಂತ ಘೋಷಣೆ ಆಗಿದೆ. ತಡವಾಗಿ ಸೇರಿದರೂ ಅಲ್ಲಿಯವರೆಗೆ ತಪ್ಪಿಹೋದ ತೇಪೆಗಳೆಲ್ಲ ಒಟ್ಟಿಗೆ ಸಿಗುತ್ತವೆ. ಇದನ್ನು ಅಂಗಡಿಯಲ್ಲಿ ನಿಮಗೆ ಯಾರೂ ಹೇಳಿರಲ್ಲ ಅಲ್ವಾ? ಹೇಳಿದರೆ ಅವರಿಗೇನು ಬಂತು.

ಸೇರೋದು ಹೀಗೆ. ಮೊದಲು ನಿಮ್ಮ ವಿಂಡೋಸ್ 10 ಅದರ ಕೊನೆಯ ವರ್ಷನ್ ಆಗಿರಬೇಕು, ಅಂದರೆ 22ಎಚ್2. ಸ್ಟಾರ್ಟ್ ಒತ್ತಿ ಡಬ್ಲ್ಯು, ಐ, ಎನ್, ವಿ, ಇ, ಆರ್ ಅಂತ ಆರು ಅಕ್ಷರ ಟೈಪ್ ಮಾಡಿ ಎಂಟರ್ ಒತ್ತಿದರೆ ಒಂದು ಚಿಕ್ಕ ಪೆಟ್ಟಿಗೆಯಲ್ಲಿ ಬರೆದಿರುತ್ತದೆ. ಆಮೇಲೆ ಸೆಟ್ಟಿಂಗ್ಸ್ ತೆರೆದು ಅಪ್‌ಡೇಟ್ ಅಂಡ್ ಸೆಕ್ಯುರಿಟಿಗೆ ಹೋಗಿ. ವಿಂಡೋಸ್ ಅಪ್‌ಡೇಟ್ ಪುಟದಲ್ಲಿ "ಎನ್‌ರೋಲ್ ನೌ" ಅನ್ನೋ ಲಿಂಕ್ ಕಾಣಬೇಕು. ಅದನ್ನು ಒತ್ತಿದರೆ ಮೂರು ದಾರಿ ತೋರಿಸುತ್ತದೆ. 30 ಡಾಲರ್ ಅಥವಾ ಅಷ್ಟು ಬೆಲೆಯ ನಮ್ಮ ಹಣ ಕೊಡುವುದು ಒಂದು. ಮೈಕ್ರೋಸಾಫ್ಟ್‌ನ 1000 ರಿವಾರ್ಡ್ ಪಾಯಿಂಟ್ ಕೊಡುವುದು ಇನ್ನೊಂದು. ಮೂರನೆಯದು ನಿಮ್ಮ ಕಂಪ್ಯೂಟರಿನ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಅಕೌಂಟಿಗೆ ಬ್ಯಾಕಪ್ ಮಾಡುವುದು. ಮೂರನೆಯದಕ್ಕೆ ದುಡ್ಡಿಲ್ಲ. ಅದನ್ನೇ ಆರಿಸಿ.

ಇಲ್ಲಿ ಒಂದು ಕಡೆ ಹುಷಾರು. ಸೆಟ್ಟಿಂಗ್ ಬ್ಯಾಕಪ್ ಕೇಳುವಾಗಲೇ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಎಲ್ಲವನ್ನೂ ಒನ್‌ಡ್ರೈವ್‌ಗೆ ಕಳಿಸಲಾ ಅಂತಲೂ ಕೇಳುತ್ತದೆ. ಪುಕ್ಕಟೆ ಜಾಗ ಇರೋದು 5 ಜಿಬಿ. ಮೊಮ್ಮಕ್ಕಳ ಎರಡು ಹುಟ್ಟುಹಬ್ಬದ ವಿಡಿಯೋ ಹಾಕಿದರೆ ಅದು ತುಂಬಿಹೋಗುತ್ತದೆ, ಆಮೇಲೆ ದಿನಾ "ಜಾಗ ಸಾಲದು, ದುಡ್ಡು ಕಟ್ಟಿ" ಅಂತ ಕಾಟ. ಫೋಲ್ಡರ್‌ಗಳ ಗುರುತು ತೆಗೆದು ಸೆಟ್ಟಿಂಗ್ ಮಾತ್ರ ಬಿಡಿ. ಇಎಸ್‌ಯುಗೆ ಅಷ್ಟು ಸಾಕು.

ಇನ್ನು ನಿಮ್ಮ ಲ್ಯಾಪ್‌ಟಾಪ್‌ಗೆ 11 ಯಾಕೆ ಬರಲ್ಲ? ಐ3-7020ಯು ಅಂದಿರಲ್ಲ, ಅದರಲ್ಲಿ ಗೆರೆಯ ನಂತರದ ಮೊದಲ ಅಂಕಿ 7. ಅಂದರೆ ಇಂಟೆಲ್‌ನ ಏಳನೇ ತಲೆಮಾರು. ಮೈಕ್ರೋಸಾಫ್ಟ್ ಎಂಟರಿಂದ ಮೇಲೆ ಮಾತ್ರ ಒಪ್ಪುತ್ತದೆ. ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಬೇಕು ಅಂತ ಎಲ್ಲರೂ ಹೇಳುವುದನ್ನು ಕೇಳಿರುತ್ತೀರಿ. ನಿಮ್ಮ ಪ್ರೊಸೆಸರಿನಲ್ಲಿ ಅದೂ ಇದೆ. ಆದರೂ ಪಟ್ಟಿಯಲ್ಲಿ ಹೆಸರಿಲ್ಲ. ಏಳನೇ ತಲೆಮಾರಿನ ಬೆರಳೆಣಿಕೆಯ ಪ್ರೊಸೆಸರ್‌ಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಅದರಲ್ಲೊಂದು ಐ7-7820ಎಚ್‌ಕ್ಯು. ಅದು ಮೈಕ್ರೋಸಾಫ್ಟ್ ತಾನೇ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೋ 2ರೊಳಗೆ ಇತ್ತು. ಇದರ ಮೇಲೆ ನಾನು ಬೇರೆ ಮಾತು ಸೇರಿಸುವುದಿಲ್ಲ.

ಈ ತಡೆಯನ್ನು ದಾಟಿಸಿ 11 ಹಾಕುವ ಉಪಾಯಗಳಿವೆ. ರೂಫಸ್ ಅನ್ನೋ ಪುಟ್ಟ ಸಾಫ್ಟ್‌ವೇರಿನಿಂದ ಪೆನ್‌ಡ್ರೈವ್ ತಯಾರು ಮಾಡಿ ಹಾಕುತ್ತಾರೆ. ಕಂಪ್ಯೂಟರ್ ಬಿಚ್ಚಿ ಜೋಡಿಸುವುದೇ ಖುಷಿ ಅನ್ನೋ ಹುಡುಗರಿಗೆ ಸರಿ. ನಿಮಗೆ ಬೇಡ. ಹೀಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಸಿಕ್ಕೇ ಸಿಗುತ್ತೆ ಅಂತ ಮೈಕ್ರೋಸಾಫ್ಟ್ ಭರವಸೆ ಕೊಡುವುದಿಲ್ಲ. ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟನ್ನು ಪ್ರತಿ ಸಲ ಕೈಯಾರೆ ಹಾಕಬೇಕು. ಮೇಲಾಗಿ 4 ಜಿಬಿಯಲ್ಲಿ 11 ಅಂದರೆ ಎತ್ತಿನ ಗಾಡಿಗೆ ಲಾರಿ ಲೋಡು.

ಈಗ ಬ್ಯಾಂಕ್ ಅಕೌಂಟಿನ ಮಾತು. ಸಾಫ್ಟ್‌ವೇರ್ ತೂತಿನಿಂದ ಅನಾಹುತ ಆಗೋದೇ ಇಲ್ಲ ಅಂತಲ್ಲ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ಅನ್ನೋ ವೈರಸ್ ಬಂದಾಗ ಬ್ರಿಟನ್ನಿನ ಆಸ್ಪತ್ರೆಗಳೇ ಕಂಗಾಲಾದವು. ಆದರೆ ಆ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಹೆಚ್ಚಾಗಿ ಸಿಕ್ಕಿಬಿದ್ದದ್ದು ವಿಂಡೋಸ್ 7 ಯಂತ್ರಗಳು, ಆಗಿನ್ನೂ 7ಕ್ಕೆ ಸಪೋರ್ಟ್ ಇತ್ತು. ಎರಡು ತಿಂಗಳಾದರೂ ಅವರು ತೇಪೆ ಹಾಕಿಕೊಂಡಿರಲಿಲ್ಲ. "ಅಪ್‌ಡೇಟ್ ಆಮೇಲೆ ನೋಡೋಣ" ಅಂತ ಒತ್ತೋದು ಅಷ್ಟು ದುಬಾರಿ.

ನಮ್ಮಲ್ಲಿ ಸಾಮಾನ್ಯ ಜನರ ದುಡ್ಡು ಹೋಗುತ್ತಿರೋದು ಹೆಚ್ಚಾಗಿ ಲ್ಯಾಪ್‌ಟಾಪಿನಿಂದಲ್ಲ, ಫೋನಿನಿಂದ. ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ ಅಂತ ಒಂದು ಫೈಲ್ ಬರುತ್ತದೆ. ಹೆಸರಿನ ಕೊನೆಗೆ ಎಪಿಕೆ ಅಂತಿರುತ್ತದೆ. ಯಾರ ಮದುವೆಯಪ್ಪಾ ಅಂತ ಒತ್ತಿದರೆ ಅದು ಆ್ಯಪ್ ಆಗಿ ಕೂತು ನಿಮ್ಮ ಎಸ್‌ಎಂಎಸ್ ಓದಲು ಶುರು ಮಾಡುತ್ತದೆ, ಒಟಿಪಿ ಸಮೇತ. ಟ್ರಾಫಿಕ್ ದಂಡದ ಚಲನ್ ಅಂತಲೂ ಇದೇ ಆಟ ಆಡುತ್ತಾರೆ. ಇನ್ನು ಪೊಲೀಸ್ ಸಮವಸ್ತ್ರ ಹಾಕಿಕೊಂಡು ವಿಡಿಯೋ ಕಾಲ್ ಮಾಡಿ ಡಿಜಿಟಲ್ ಅರೆಸ್ಟ್ ಅನ್ನುವವರು ಬೇರೆ. ಹಾಗೊಂದು ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ. ಇವರಲ್ಲಿ ಯಾರಿಗೂ ನಿಮ್ಮ ವಿಂಡೋಸ್ ಎಷ್ಟನೆಯದು ಅನ್ನೋದು ಬೇಕಾಗಿಲ್ಲ. ದುಡ್ಡು ಹೋಯಿತು ಅಂತ ಗೊತ್ತಾದ ಕ್ಷಣವೇ 1930ಕ್ಕೆ ಫೋನ್ ಮಾಡಬೇಕು. ಆ ನಂಬರನ್ನು ಲ್ಯಾಪ್‌ಟಾಪ್ ಮುಚ್ಚಳದ ಮೇಲೆ ಬರೆದು ಅಂಟಿಸಿ.

ಅಂದ ಹಾಗೆ ನಿಮ್ಮ ಫೋನ್ ಎಷ್ಟು ಹಳೆಯದು? ಸೆಟ್ಟಿಂಗ್ಸ್‌ಗೆ ಹೋಗಿ ಅಬೌಟ್ ಫೋನ್ ತೆರೆದು ಆಂಡ್ರಾಯ್ಡ್ ಸೆಕ್ಯುರಿಟಿ ಅಪ್‌ಡೇಟ್ ಅಂತ ಇರುವ ಕಡೆ ತಾರೀಕು ನೋಡಿ. ಕೆಲವು ಫೋನುಗಳಲ್ಲಿ ಅದು ಸೆಕ್ಯುರಿಟಿ ಅನ್ನೋ ವಿಭಾಗದ ಒಳಗಿರುತ್ತದೆ. ವಿಂಡೋಸ್ 10 ಮುಗೀತಂತೆ ಅಂತ ಗಾಬರಿಯಾಗಿ ನನಗೆ ಫೋನ್ ಮಾಡಿದವರಿಗೆಲ್ಲ ಈ ತಾರೀಕು ಓದಿ ಹೇಳಿ ಅಂತೀನಿ. ಮೂರು ವರ್ಷದ ಹಿಂದಿನ ತಾರೀಕು ಓದಿದವರಿದ್ದಾರೆ. ಅದೇ ಫೋನಿನಲ್ಲಿ ಯುಪಿಐ, ಅದೇ ಫೋನಿನಲ್ಲಿ ಆಧಾರ್ ಕಾರ್ಡಿನ ಫೋಟೋ. ಲ್ಯಾಪ್‌ಟಾಪ್‌ಗಾದರೆ ಮೈಕ್ರೋಸಾಫ್ಟ್ ಮುಂಚೆಯೇ ತಾರೀಕು ಹೇಳಿತು, ಟಿವಿಯಲ್ಲೂ ಬಂತು. ಫೋನಿನ ಅಪ್‌ಡೇಟ್ ಸದ್ದಿಲ್ಲದೆ ನಿಂತುಹೋಗುತ್ತದೆ. ನಿಮ್ಮ ಹತ್ತಿರ ಹೊಸ ಸಾಮಾನಿಗೆ ಅಂತ ದುಡ್ಡಿದ್ದು, ಆ ತಾರೀಕು ಎರಡು ವರ್ಷಕ್ಕಿಂತ ಹಳೆಯದಾಗಿದ್ದರೆ ಮೊದಲು ಬದಲಾಯಿಸಬೇಕಾದದ್ದು ಫೋನು.

ಇನ್ನು ಆ ಹತ್ತು ನಿಮಿಷದ ಕಾಯುವಿಕೆ. ಅದು ವಿಂಡೋಸ್‌ನ ವಯಸ್ಸಲ್ಲ, ಒಳಗಿರುವ ಹಾರ್ಡ್‌ಡಿಸ್ಕ್. 2019ರಲ್ಲಿ ಆ ಬೆಲೆಯ ಲ್ಯಾಪ್‌ಟಾಪ್‌ಗಳಿಗೆ 1 ಟಿಬಿಯ ತಿರುಗುವ ಡಿಸ್ಕ್ ಹಾಕಿ ಕೊಡುತ್ತಿದ್ದರು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಡಿಸ್ಕ್ ಅನ್ನೋ ಕಡೆ ನೂರು ಪರ್ಸೆಂಟ್ ಅಂತ ತೋರಿಸುತ್ತಾ ಕೂತಿದ್ದರೆ ರೋಗ ಅದೇ. ಅದನ್ನು ತೆಗೆಸಿ, ತಿರುಗುವ ಭಾಗವೇ ಇಲ್ಲದ ವೇಗದ ಡಿಸ್ಕ್, ಅಂದರೆ ಎಸ್‌ಎಸ್‌ಡಿ ಹಾಕಿಸಿ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಅಂತ ಕೇಳಿ, ನಿಮ್ಮ ಕೆಲಸಕ್ಕೆ 256 ಜಿಬಿ ಬೇಕಾದಷ್ಟಾಯಿತು. ಕೆಲವು ಸ್ಕ್ರೂ ಬಿಚ್ಚಿ ಹಾಕುವ ಕೆಲಸ. ಹಾಕಿಸಿದ ದಿನ ಆನ್ ಮಾಡಿ ಅಭ್ಯಾಸದಂತೆ ಕಾಫಿ ತರಲು ಒಳಗೆ ಹೋಗಬೇಡಿ. ನೀವು ಏಳುವ ಮೊದಲೇ ಪಾಸ್‌ವರ್ಡ್ ಕೇಳುತ್ತಿರುತ್ತದೆ.

ಜೊತೆಗೆ ಇನ್ನೊಂದು 4 ಜಿಬಿ ರ‍್ಯಾಮ್ ಸೇರಿಸಿದರೆ ಒಳ್ಳೆಯದು. ಆದರೆ ಬೆಲೆ ಕೇಳಿ ಬೆಚ್ಚಬೇಡಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದೆ. ಜಗತ್ತಿನ ರ‍್ಯಾಮ್ ಚಿಪ್ಪುಗಳಲ್ಲಿ ಬಹುಪಾಲು ಮಾಡೋದು ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಅನ್ನೋ ಮೂರೇ ಕಂಪನಿ. ಎಐ ಡೇಟಾ ಸೆಂಟರ್‌ಗಳಿಗೆ ಮಾರಿದರೆ ಲಾಭ ಜಾಸ್ತಿ ಅಂತ ಮೂವರೂ ಆ ಕಡೆ ತಿರುಗಿದ್ದಾರೆ. ಕ್ರೂಶಿಯಲ್ ಹೆಸರಿನಲ್ಲಿ ನಮ್ಮಂಥವರಿಗೆ ಮಾರುತ್ತಿದ್ದ ರ‍್ಯಾಮ್, ಎಸ್‌ಎಸ್‌ಡಿ ವ್ಯಾಪಾರವನ್ನೇ ನಿಲ್ಲಿಸುತ್ತೇನೆ ಅಂತ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಹೇಳಿತು. ಅಮೆರಿಕದಲ್ಲಿ ಯಾರೋ ಎಐಗೆ ಚಿತ್ರ ಬರೆಯಲು ಹೇಳಿದ್ದಕ್ಕೆ ತೀರ್ಥಹಳ್ಳಿಯಲ್ಲಿ ರ‍್ಯಾಮ್ ತುಟ್ಟಿಯಾಯಿತು. ಹೊಸ ಲ್ಯಾಪ್‌ಟಾಪಿನ ಬೆಲೆಗೂ ಇದೇ ಗತಿ, ಇರೋದನ್ನು ಉಳಿಸಿಕೊಳ್ಳಲು ಇದೂ ಒಂದು ಕಾರಣ. ನೀವು ಎರಡರಲ್ಲಿ ಒಂದೇ ಮಾಡಿಸೋದಾದರೆ ಎಸ್‌ಎಸ್‌ಡಿ ಮಾಡಿಸಿ, ರ‍್ಯಾಮ್ ಬಿಡಿ.

ಮಗಳು ಹೇಳಿದ ಲಿನಕ್ಸ್ ವಿಷಯಕ್ಕೆ ಬರುತ್ತೇನೆ. ಅವಳ ಮಾತು ಸರಿ. ಆದರೆ ಅವಳಿಗೆ ಗೊತ್ತಿಲ್ಲದ ಒಂದು ಕಷ್ಟ ನಿಮಗಿದೆ. ಅದು ನುಡಿ.

ಇಎಸ್‌ಯು ಮುಗಿದ ಮೇಲೆ ನಿಮ್ಮ ಲ್ಯಾಪ್‌ಟಾಪಿಗೆ ನಾನು ಹೇಳುವುದು ಲಿನಕ್ಸಿನ ಬಗೆಗಳಲ್ಲೊಂದಾದ ಲಿನಕ್ಸ್ ಮಿಂಟ್. ಅದರ 22ನೇ ಆವೃತ್ತಿಗೆ 2029ರವರೆಗೆ ತೇಪೆ ಸಿಗುತ್ತದೆ, ದುಡ್ಡಿಲ್ಲ, 4 ಜಿಬಿಯಲ್ಲಿ ಓಡುತ್ತದೆ. ಕೆಳಗೆ ಎಡಗಡೆ ಮೆನು, ಬಲಗಡೆ ಗಡಿಯಾರ, ಎಲ್ಲ ನಿಮಗೆ ಪರಿಚಯದ ಥರವೇ ಇದೆ. ಬ್ರೌಸರ್ ತೆರೆದರೆ ನೆಟ್ ಬ್ಯಾಂಕಿಂಗ್, ಯಕ್ಷಗಾನ ಎರಡೂ ಬರುತ್ತವೆ. ಕನ್ನಡ ಟೈಪಿಂಗಿಗೂ ಭಯ ಬೇಡ. ಅದರ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕಗಪ ಅಂತಲೇ ಒಂದು ಇದೆ. ನುಡಿ ಮಾಡಿದ ಕನ್ನಡ ಗಣಕ ಪರಿಷತ್ತಿನ ಹೆಸರಿನ ಅದೇ ವಿನ್ಯಾಸ. ಎಫ್ ಒತ್ತಿ ಒತ್ತಕ್ಷರ ತರಿಸುವ ನಿಮ್ಮ ಬೆರಳಿನ ಅಭ್ಯಾಸ ಹಾಗೇ ನಡೆಯುತ್ತದೆ.

ತೊಡಕಿರೋದು ಹಳೆಯ ಫೈಲುಗಳಲ್ಲಿ. ನೀವು ಇಷ್ಟು ವರ್ಷ ನುಡಿ 01 ಇ ಥರದ ಅಕ್ಷರದಲ್ಲಿ ಟೈಪ್ ಮಾಡಿದ್ದರೆ ಆ ಫೈಲಿನೊಳಗೆ ಇರೋದು ನಿಜವಾಗಿ ಕನ್ನಡವಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿದ್ದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವೇಷ ಕಳಚಿ, ತಲೆ ಮೇಲೆ ಚುಕ್ಕಿ ಟೋಪಿ ಹೊತ್ತ ವಿಚಿತ್ರ ಇಂಗ್ಲಿಷ್ ಕಾಣುತ್ತದೆ. ಬೇರೆಯವರಿಗೆ ಮೇಲ್ ಮಾಡಿದಾಗ "ಮೇಷ್ಟ್ರೇ, ಏನೂ ಓದಕ್ಕೆ ಆಗ್ತಿಲ್ಲ" ಅಂತ ಫೋನ್ ಬಂದಿರಬೇಕಲ್ಲ, ಅದು ಇದೇ. ಹಾಗಾಗಿ ವಿಂಡೋಸ್ ಇರುವಾಗಲೇ, ನುಡಿಯಲ್ಲೇ ಇರುವ ಕನ್ವರ್ಟರ್‌ನಿಂದ ಮುಖ್ಯವಾದ ಬರಹಗಳನ್ನು ಯೂನಿಕೋಡ್‌ಗೆ, ಅಂದರೆ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗೇ ಕಾಣುವ ಅಕ್ಷರಕ್ಕೆ, ಬದಲಾಯಿಸಿ ಇನ್ನೊಂದು ಪ್ರತಿ ಉಳಿಸಿ. ದಿನಕ್ಕೆ ನಾಲ್ಕೈದು ಫೈಲ್ ಮಾಡಿದರೂ ನಡೆಯುತ್ತದೆ. ಬದಲಾಯಿಸಿದ ಮೇಲೆ ಒಮ್ಮೆ ಓದಿ ನೋಡಿ. ಅರ್ಕಾವತ್ತು ಮತ್ತು ಅಂಕಿಗಳಿರುವ ಕಡೆ ಮೊದಲು ಕಣ್ಣಾಡಿಸಿ. ಮೂಲ ಫೈಲನ್ನು ಅಳಿಸಬೇಡಿ. ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ನುಡಿಯ ಫಾಂಟುಗಳನ್ನೂ ಪೆನ್‌ಡ್ರೈವಿಗೆ ನಕಲು ಮಾಡಿಟ್ಟುಕೊಳ್ಳಿ. ಅವನ್ನು ಲಿನಕ್ಸ್‌ಗೆ ಹಾಕಿದರೆ ಹಳೆಯ ಫೈಲ್ ತೆರೆದು ಓದಲಿಕ್ಕಾದರೂ ಆಗುತ್ತದೆ.

ಪ್ರಿಂಟರ್ ಇದ್ದರೆ ಅದನ್ನೂ ಮುಂಚೆಯೇ ಪರೀಕ್ಷೆ ಮಾಡಿ. ಮಿಂಟ್ ಅನ್ನು ಹಾಕದೆಯೇ ಪೆನ್‌ಡ್ರೈವಿನಿಂದ ಓಡಿಸಿ ನೋಡಬಹುದು, ವಿಂಡೋಸ್‌ಗೆ ಏನೂ ಆಗಲ್ಲ. ಮಗಳು ಹಬ್ಬಕ್ಕೆ ಬಂದಾಗ ಹಾಗೆ ಓಡಿಸಿ ಒಂದು ಪುಟ ಪ್ರಿಂಟ್ ತೆಗೆಯಿರಿ, ವೈಫೈ ನೋಡಿ, ಒಂದು ಪದ್ಯ ಕೇಳಿ. ಕೆಲವು ಹಳೆಯ ಲೇಸರ್ ಪ್ರಿಂಟರುಗಳು ಲಿನಕ್ಸ್ ಜೊತೆ ಹಟ ಮಾಡುತ್ತವೆ. ನಿಮ್ಮ ಊರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟವರು, ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಬೆರಳಿನ ಗುರುತು ಓದುವ ಯಂತ್ರ ಅಥವಾ ಡಿಜಿಟಲ್ ಸಹಿಯ ಟೋಕನ್ ಬಳಸುವವರು ಇದನ್ನು ಓದುತ್ತಿದ್ದರೆ, ನಿಮಗೆ ಈ ಸಲಹೆ ಅಲ್ಲ. ನಿಮ್ಮ ಸಾಮಾನಿನ ಸಾಫ್ಟ್‌ವೇರ್ ವಿಂಡೋಸ್ ನಂಬಿಕೊಂಡಿರುತ್ತದೆ. ಅದು ಅನ್ನ ಹಾಕುವ ಯಂತ್ರ, ನೀವು 11 ಇರುವ ಹೊಸದನ್ನೇ ತಗೊಳ್ಳಿ. ಬೆಂಗಳೂರಿನ ಎಸ್‌ಪಿ ರೋಡ್ ಕಡೆ ಹೋಗಿ ಸೆಕೆಂಡ್‌ಹ್ಯಾಂಡ್ ನೋಡುವುದಾದರೆ "ಐ7 ಸಾರ್, ಐ7" ಅನ್ನೋದಕ್ಕೆ ಮರುಳಾಗಬೇಡಿ. ಆರನೇ ತಲೆಮಾರಿನ ಐ7ಕ್ಕೆ 11 ಬರಲ್ಲ, ಎಂಟನೇ ತಲೆಮಾರಿನ ಐ3ಗೆ ಬರುತ್ತದೆ. ಗೆರೆಯ ನಂತರದ ಅಂಕಿ ನೋಡಿ. 10, 11, 12 ಅಂತಿದ್ದರೆ ಇನ್ನೂ ಹೊಸದು.

ಇದೆಲ್ಲ ಮಾಡುವ ಮೊದಲು, ಅಂದರೆ ಎಸ್‌ಎಸ್‌ಡಿಗೆ ಅಂತ ಅಂಗಡಿಗೆ ಕೊಡುವ ಮೊದಲು, ನಿಮ್ಮ ಫೈಲುಗಳ ನಕಲು ತೆಗೆದಿಡಿ. ಇದನ್ನು ಪೆಟ್ಟು ತಿಂದು ಕಲಿತವನು ನಾನು. ವರ್ಷಗಳ ಹಿಂದೆ ನನ್ನ ಲ್ಯಾಪ್‌ಟಾಪನ್ನು ರಿಪೇರಿಗೆ ಕೊಡುವಾಗ ದೊಡ್ಡ ಜಾಣನ ಹಾಗೆ "ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡಪ್ಪಾ, ಡಿ ಮುಟ್ಟಬೇಡ" ಅಂದಿದ್ದೆ. ಹುಡುಗ ಹೇಳಿದಷ್ಟೇ ಮಾಡಿದ. ಆದರೆ ನಾನು ಎಲ್ಲವನ್ನೂ ಇಟ್ಟಿದ್ದು ಡೆಸ್ಕ್‌ಟಾಪಿನ ಮೇಲೆ, ಕಣ್ಣೆದುರು ಇರಲಿ ಅಂತ. ಡೆಸ್ಕ್‌ಟಾಪ್ ಇರೋದೇ ಸಿ ಡ್ರೈವಿನಲ್ಲಿ. ಅಪ್ಪ ಹೇಳಿದ ಹಳೆಯ ಕಥೆಗಳ ರೆಕಾರ್ಡಿಂಗ್ ಅದರಲ್ಲಿತ್ತು. ಈಗ ಅಪ್ಪನೂ ಇಲ್ಲ. ಅಂಗಡಿಯವನನ್ನು ಬೈದೆ, ಅವನ ತಪ್ಪೇನೂ ಇರಲಿಲ್ಲ.

ಹಾಗೆಯೇ ಅಂಗಡಿಯಲ್ಲಿ "ಒರಿಜಿನಲ್ ಬೇಕಾ, ಹಾಗೇ ಹಾಕಿಕೊಡ್ಲಾ" ಅಂತ ಕೇಳುತ್ತಾರೆ. ಹಾಗೇ ಹಾಕೋದು ಅಂದರೆ ಆಕ್ಟಿವೇಟರ್ ಬಳಸಿ ಕಳ್ಳ ವಿಂಡೋಸ್ ಹಾಕೋದು. ಅದನ್ನು ಹಾಕುವಾಗ ಮೊದಲು ವೈರಸ್ ಕಾವಲನ್ನೇ ಆಫ್ ಮಾಡುತ್ತಾರೆ. ಕಾವಲುಗಾರನನ್ನು ಮಲಗಿಸಿ ಒಳಗೆ ಬಂದವನು ಜೊತೆಗೆ ಇನ್ನೇನು ತಂದ ಅಂತ ಯಾರಿಗೆ ಗೊತ್ತು? ನಿಮ್ಮ ಲ್ಯಾಪ್‌ಟಾಪ್ ಜೊತೆಗೆ ಅಸಲಿ ವಿಂಡೋಸ್ ಬಂದಿದ್ದರೆ ಅದರ ಲೈಸೆನ್ಸ್ ಯಂತ್ರಕ್ಕೇ ಸೇರಿದ್ದು. ಎಸ್‌ಎಸ್‌ಡಿ ಬದಲಾದರೂ ಅದೇ ಆವೃತ್ತಿ ಹಾಕಿ ಇಂಟರ್ನೆಟ್ ಕೊಟ್ಟರೆ ಸಾಮಾನ್ಯವಾಗಿ ತಾನಾಗೇ ಗುರುತು ಹಿಡಿಯುತ್ತದೆ. ಹೊಸದಾಗಿ ದುಡ್ಡು ಕೊಡಬೇಕಾಗಿಲ್ಲ. "ಇದರ ಒರಿಜಿನಲ್ಲೇ ಹಾಕಿ" ಅಂತ ಒತ್ತಿ ಹೇಳಿ.

ಹೊರಗೆ ತೆಗೆದ ಹಳೆಯ ಹಾರ್ಡ್‌ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ, ಕೇಳಿ ಇಸ್ಕೊಳ್ಳಿ. ಯುಎಸ್‌ಬಿ ಕೇಸಿಂಗ್ ಅಂತ ಒಂದು ಡಬ್ಬಿ ಸಿಗುತ್ತದೆ, ಅದರಲ್ಲಿ ಕೂರಿಸಿದರೆ ದೊಡ್ಡ ಪೆನ್‌ಡ್ರೈವಿನ ಹಾಗೆ ಕೆಲಸ ಮಾಡುತ್ತದೆ. ನಿಮ್ಮ ಹಳೆಯ ಫೈಲ್, ಫೋಟೋ, ನುಡಿ ಫಾಂಟ್ ಎಲ್ಲ ಅದರಲ್ಲೇ ಇರುತ್ತವೆ. ಡಬ್ಬಿಯ ಮೇಲೆ ಪೆನ್ನಿನಲ್ಲಿ ತಾರೀಕು ಬರೆದು, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿನಲ್ಲಿಡಿ. ನಿಮ್ಮ ಕಡೆಯ ಮಳೆಗಾಲದ ತೇವ ಅದಕ್ಕೆ ಆಗಿಬರಲ್ಲ.